ಗೋಲು ಕಾಯುವ ಸೊಸೆ

ಹುಡುಗಿಯ ಬಯೋಡೇಟಾವನ್ನು ಮನೆಯವರೆಲ್ಲ ಓದಿದ್ದರು. ಪೂವಮ್ಮ ನಕ್ಷತ್ರ ನೋಡಿದಳು. ತ್ಯಾಂಪಣ್ಣ ದೊಡ್ಡಪ್ಪ, ಗೋತ್ರದ ಹಾಗಿನ ‘ಬಳಿ’ ಎರಡು ಮನೆಗೂ ಬೇರೆ ಹೌದೋ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮದುವೆಯಾಗಬೇಕಾದ ಶೈಲೇಶ ಫೋಟೋ ಮಾತ್ರ ನೋಡಿದ. ಕೊನೆಯ ಸಾಲಿನವರೆಗೆ ಓದಿದವನು ಪೂವಮ್ಮನ ಗಂಡ ಧರ್ಮಪಾಲ ಒಬ್ಬನೇ. ಅಲ್ಲಿ ಹವ್ಯಾಸ ಎಂಬುದರ ಎದುರು ಹೀಗಿತ್ತು: ‘ಓದುವುದು, ಅಡುಗೆ, ಹಾಕಿ. ವಿಶ್ವವಿದ್ಯಾಲಯ ತಂಡದ ಗೋಲ್ ಕೀಪರ್.’

ಧರ್ಮಪಾಲ ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಆಮೇಲೆ ಮೂರು ದಿನ ಆ ಅಂಗಿಯನ್ನು ಒಗೆಯಲು ಕೊಡಲಿಲ್ಲ.

ಅವನಿಗೆ ಐವತ್ತೆರಡು. ಮಂಡೆಕೋಲು ಪೇಟೆಯಲ್ಲಿ ಅಡಿಕೆ ತೋಟಕ್ಕೆ ಔಷಧಿ ಬಿಡುವ ಪಂಪುಗಳ ರಿಪೇರಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಪಂಪಿನ ಶಬ್ದ ಕೇಳಿಯೇ ಯಾವ ವಾಷರ್ ಹೋಗಿದೆ ಎಂದು ಹೇಳಬಲ್ಲ. ಆದರೆ ಅವನ ಮನಸ್ಸು ಇದ್ದದ್ದು ಹಾಕಿಯಲ್ಲಿ. ಎಡಗಾಲಿನ ಮೊಣಗಂಟು ಹಾಳಾದ ಮೇಲೆ ಆಡುವುದನ್ನು ಬಿಟ್ಟು ತಮ್ಮ ನೆಲ್ಲಿಗುಂಡಿ ಕುಟುಂಬದ ತಂಡದ ಮೆನೇಜರ್ ಆಗಿದ್ದ. ಯಾರೂ ಅವನನ್ನು ನೇಮಿಸಿರಲಿಲ್ಲ. ಬೇರೆ ಯಾರಿಗೂ ಆ ಕೆಲಸ ಬೇಡವಾಗಿತ್ತು, ಅಷ್ಟೆ.

ಘಟ್ಟದ ಮೇಲಿನವರು ಮನೆ ಮನೆಯವರು ಸೇರಿ ಹಾಕಿ ಆಡುವುದನ್ನು ನೋಡಿ ನೋಡಿ, ಕೆಳಗಿನ ನಾಲ್ಕಾರು ಊರಿನ ಗೌಡರ ಮನೆಗಳವರೂ ಎಂಟು ವರ್ಷದ ಹಿಂದೆ ಕುಟುಂಬ ಹಾಕಿ ಸುರು ಮಾಡಿದ್ದರು. ಡಿಸೆಂಬರಿನಲ್ಲಿ ಶಾಲೆಯ ಮೈದಾನದಲ್ಲಿ ನಾಲ್ಕು ದಿನದ ಆಟ. ಒಂದೊಂದು ಮನೆಗೆ ಒಂದೊಂದು ತಂಡ. ಗಂಡಸರು, ಹೆಂಗಸರು, ಅಜ್ಜಂದಿರು ಎಂಬ ಭೇದ ಇಲ್ಲ. ಎಂಟು ವರ್ಷದಲ್ಲಿ ನೆಲ್ಲಿಗುಂಡಿ ತಂಡ ಏಳು ಸಲ ಮೊದಲ ಸುತ್ತಿನಲ್ಲೇ ಸೋತಿತ್ತು. ಒಂದು ಸಲ ಎರಡನೆಯ ಸುತ್ತಿಗೆ ಹೋಗಿತ್ತು. ಆ ವರ್ಷ ಎದುರು ತಂಡದವರ ಜೀಪು ದಾರಿಯಲ್ಲಿ ಕೆಟ್ಟು ನಿಂತು ಅವರು ಮೈದಾನಕ್ಕೆ ಬಂದಿರಲೇ ಇಲ್ಲ.

ಮಳೆಗಾಲವೆಂದರೆ ಹಾಕಿಗೆ ರಜೆ, ಧರ್ಮಪಾಲನಿಗೆ ಚಿಂತೆಯ ಕಾಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹನ್ನೊಂದು ಹೆಸರು ಬರೆಯುತ್ತಿದ್ದ. ಬರೆದು, ಜ್ವರದ ಮಗುವನ್ನು ನೋಡುವ ಹಾಗೆ ಅದನ್ನು ನೋಡುತ್ತ ಕೂರುತ್ತಿದ್ದ.

ಬಲ ಬದಿಯ ಹಿಂದೆ ಬೋಜ, ಎಡ ಬದಿಯ ಹಿಂದೆ ಅವನ ತಮ್ಮ ಉದಯ. ಇಬ್ಬರೂ ಗಟ್ಟಿಗರು. ಆದರೆ ಬೇಲಿಯ ವಿಷಯಕ್ಕೆ ಇಬ್ಬರಿಗೂ ಆರು ವರ್ಷದಿಂದ ಮಾತಿಲ್ಲ. ಚೆಂಡು ಬೋಜನ ಹತ್ತಿರ ಇದ್ದರೆ ಅವನು ಅದನ್ನು ಬೇಕಾದರೆ ಎದುರು ತಂಡಕ್ಕೆ ಕೊಟ್ಟಾನು, ಉದಯನಿಗೆ ಕೊಡಲಾರ. ಮಧ್ಯದಲ್ಲಿ ಮೋಕ್ಷಿತ್. ಕಾಲೇಜು ಹುಡುಗ, ಕೈಚಳಕ ಉಂಟು. ಮೂರು ಜನರನ್ನು ಚೆಂದವಾಗಿ ದಾಟಿ ಹೋಗುತ್ತಾನೆ. ಆಮೇಲೆ ಯಾರೋ ವಿಡಿಯೋ ತೆಗೆಯುತ್ತಿದ್ದಾರೆಂದು ಗೊತ್ತಾದರೆ ಹಿಂದೆ ತಿರುಗಿ ಅದೇ ಮೂವರನ್ನು ಇನ್ನೊಮ್ಮೆ ದಾಟುತ್ತಾನೆ. ಉಳಿದವರೆಲ್ಲ ಅಕ್ಕಿ ಚೆಲ್ಲಿದಲ್ಲಿಗೆ ಓಡುವ ಕೋಳಿಗಳಂತೆ ಚೆಂಡು ಹೋದಲ್ಲಿಗೆ ಒಟ್ಟಿಗೆ ಓಡುವವರು. ತಂಡದ ಆಟದ ಕ್ರಮವನ್ನು ಎರಡು ಮಾತಿನಲ್ಲಿ ಹೇಳಬಹುದಿತ್ತು: ಸಿಕ್ಕಿದವನು ಕಣ್ಣು ಮುಚ್ಚಿ ಬೀಸುವುದು, ಉಳಿದವರು ಬೊಬ್ಬೆ ಹೊಡೆಯುವುದು.

ಎದುರಿನಲ್ಲಿ ಶೈಲೇಶ. ಅವನೊಬ್ಬ ಆಟಗಾರ. ಧರ್ಮಪಾಲನ ಸತ್ತ ಅಣ್ಣನ ಮಗ. ಇದೇ ಮನೆಯಲ್ಲಿ ಬೆಳೆದವನು, ಪಿಕಪ್ ಓಡಿಸುತ್ತಾನೆ. ಕಳೆದ ವರ್ಷ ತಂಡದ ನಾಲ್ಕೂ ಗೋಲು ಅವನದೇ. ಆದರೂ ಸೋತದ್ದು ಯಾಕೆಂದರೆ ಒಂಬತ್ತು ಗೋಲು ಬಿದ್ದಿತ್ತು.

ಆ ಒಂಬತ್ತಕ್ಕೂ ಕಾರಣ ತ್ಯಾಂಪಣ್ಣ ದೊಡ್ಡಪ್ಪ. ಅವರಿಗೆ ಎಪ್ಪತ್ತೆಂಟು. ಮನೆಯ ಯಜಮಾನರು ಬಾಗಿಲಲ್ಲಿ ನಿಲ್ಲಬೇಕಾದ್ದು ಕ್ರಮ ಎಂದು ಹೇಳಿ ಮೊದಲ ವರ್ಷವೇ ಗೋಲಿನಲ್ಲಿ ನಿಂತವರು, ಅಲ್ಲಿಂದ ಈಚೆ ಬಂದಿಲ್ಲ. ಮದುವೆ ಚಪ್ಪರದ ಎದುರು ನಿಂತು ನೆಂಟರನ್ನು ಬರಮಾಡಿಕೊಳ್ಳುವ ಹಾಗೆ ಚೆಂಡುಗಳನ್ನು ಬರಮಾಡಿಕೊಳ್ಳುತ್ತಿದ್ದರು. ಒಳಗೆ ಹೋದ ಮೇಲೆ ತಿರುಗಿ ನೋಡುತ್ತಿದ್ದರು, ಸರಿಯಾಗಿ ಕೂತಿದೆಯೋ ಎಂಬಂತೆ.

ಅವರನ್ನು ತೆಗೆಯುವ ಧೈರ್ಯ ಕುಟುಂಬದಲ್ಲಿ ಯಾರಿಗೂ ಇರಲಿಲ್ಲ. ಹೊರಗಿನಿಂದ ಒಬ್ಬ ಗೋಲ್ ಕೀಪರನ್ನು ತರೋಣವೆಂದರೆ ಕುಟುಂಬ ಹಾಕಿಯಲ್ಲಿ ಅದು ನಡೆಯುವುದಿಲ್ಲ. ಆಟಗಾರ ಒಂದೋ ಆ ಮನೆಯಲ್ಲಿ ಹುಟ್ಟಬೇಕು, ಇಲ್ಲವೇ ಮದುವೆಯಾಗಿ ಬರಬೇಕು. ಹುಟ್ಟಿದ ಮಗು ಸ್ಟಿಕ್ ಹಿಡಿಯಲು ಹದಿನೈದು ವರ್ಷ ಬೇಕು. ಉಳಿದದ್ದು ಮದುವೆ. ಹಿಂದೆ ಒಂದು ಸಲ ಬೇರೊಂದು ಮನೆಯವರು ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ ಆಡಿಸಿ ನೆಲ್ಲಿಗುಂಡಿಯನ್ನು ಸೋಲಿಸಿದ್ದರು. ಆಗ ಧರ್ಮಪಾಲ ಸಭೆಯಲ್ಲಿ ಮೇಜು ಕುಟ್ಟಿ ಒಂದು ನಿಯಮ ಮಾಡಿಸಿದ್ದ: ಮದುವೆಯಾದವರು ಯಾವ ಮನೆಯಲ್ಲಿ ಸಂಸಾರ ಮಾಡುತ್ತಾರೋ ಆ ಮನೆಗೇ ಆಡಬೇಕು. ಅವನ ಜೀವಮಾನದ ಒಂದೇ ಗೆಲುವು ಅದು.

ಹುಡುಗಿಯ ಹೆಸರು ನವ್ಯಾ. ಕಡಬದ ಆಚೆ ಪಾಲೆಪ್ಪಾಡಿ ಮನೆಯವಳು, ಪುತ್ತೂರಿನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ. ಪಾಲೆಪ್ಪಾಡಿಯವರು ಇದುವರೆಗೆ ತಂಡ ಕಟ್ಟಿದವರಲ್ಲ. ಹಾಗಾಗಿ ಅಂಥ ಒಬ್ಬ ಗೋಲ್ ಕೀಪರ್ ಅಲ್ಲಿ ಸುಮ್ಮನೆ ಕುಳಿತಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಪೂವಮ್ಮ ಮತ್ತು ಶೈಲೇಶ ಹಿಂದಿನ ವಾರ ಹೋಗಿ ನೋಡಿ ಬಂದಿದ್ದರು. ಹುಡುಗ ಹುಡುಗಿ ಒಪ್ಪಿದ್ದರು. ಇನ್ನು ಹುಡುಗಿಯ ಕಡೆಯವರು ಬಂದು ಮನೆ ನೋಡಬೇಕು, ಮಾತು ಗಟ್ಟಿಯಾಗಬೇಕು. ಬರುವುದು ಆದಿತ್ಯವಾರ ಎಂದಾಯಿತು. ಅದು ಕಳೆದು ಎರಡು ದಿನಕ್ಕೆ ಆಟಿ ತಿಂಗಳು. ಆಟಿಯಲ್ಲಿ ಮದುವೆಯ ಮಾತು ಯಾರೂ ಎತ್ತುವುದಿಲ್ಲ. ಒಂದು ತಿಂಗಳು ಬಿಟ್ಟರೆ ಬಯೋಡೇಟಾದ ಕೊನೆಯ ಸಾಲನ್ನು ಬೇರೆ ಮನೆಯವರೂ ಓದಿಯಾರು ಎಂಬ ಹೆದರಿಕೆಯಲ್ಲಿ ಧರ್ಮಪಾಲ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆದಿತ್ಯವಾರ ಬೆಳಗ್ಗೆ ಪೂವಮ್ಮ ಕೋಳಿ ಸಾರಿಗೆ ತೆಂಗಿನಕಾಯಿ ತುರಿಯುತ್ತಲೇ ಅವನನ್ನು ಕರೆದಳು.

“ಇವತ್ತು ನಿಮ್ಮ ಬಾಯಿಂದ ಹಾಕಿ ಅಂತ ಒಂದು ಶಬ್ದ ಬಂದ್ರೆ ನಾನು ಈಶ್ವರಮಂಗಲಕ್ಕೆ ಹೋಗ್ತೇನೆ. ತಂಗಿಯ ಮನೆಯಲ್ಲಿ ಆಟಿ ಕಳೆದೇ ಬರುದು.”

“ನಾನೆಂತ ಹೇಳಿದೆ ಈಗ?”

“ಹೇಳುದು ಬೇಡ. ಹೆಣ್ಣು ಕೊಡುವವರು ಸಂಸಾರ ನೋಡ್ಲಿಕ್ಕೆ ಬರುದು. ಗೋಲಿಗೆ ಜನ ಬೇಕು ಅಂತ ಮದುವೆ ಮಾಡ್ತಿದ್ದಾರೆ ಅಂತ ಗೊತ್ತಾದ್ರೆ ಆ ಹುಡುಗನಿಗೆ ಮತ್ತೆ ಈ ಜನ್ಮದಲ್ಲಿ ಹೆಣ್ಣು ಸಿಕ್ಕುದಿಲ್ಲ.”

ಅದು ನ್ಯಾಯದ ಮಾತೇ. ಧರ್ಮಪಾಲ ಒಪ್ಪಿದ. ಚಾವಡಿಯಲ್ಲಿದ್ದ ಸ್ಟಿಕ್ಕುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದ. ಗೋಲ್ ಕೀಪರಿನ ಪ್ಯಾಡುಗಳನ್ನು ಭತ್ತದ ಚೀಲದೊಳಗೆ ತುರುಕಿ ಮೂಲೆಯಲ್ಲಿ ನಿಲ್ಲಿಸಿದ. ಗೋಡೆಯ ತಂಡದ ಫೋಟೋ ತೆಗೆದ. ಅಲ್ಲಿ ಬಿಳಿ ಚೌಕ ಕಂಡಿತೆಂದು ಅದರ ಮೇಲೆ ಗಡಿಯಾರ ತೂಗಿಸಿದ. ಗಡಿಯಾರ ಇದ್ದಲ್ಲಿ ಇನ್ನೊಂದು ಬಿಳಿ ವೃತ್ತ ಕಂಡಿತು. ಅದರ ಕೆಳಗೆ ತಾನೇ ಕುರ್ಚಿ ಹಾಕಿ ಕೂತರೆ ತಲೆ ಅಡ್ಡ ಬರುತ್ತದೆಂದು ಸಮಾಧಾನ ಮಾಡಿಕೊಂಡ.

ಹತ್ತು ಗಂಟೆಗೆ ರಸ್ತೆಯ ಆಚೆ ಟೈಲರಿಂಗ್ ಅಂಗಡಿ ಇಟ್ಟಿರುವ ಸುಹರಾ ನಾಲ್ಕು ಪ್ಲಾಸ್ಟಿಕ್ ಕುರ್ಚಿ ತಂದಳು. ಸುಹರಾಳಿಗೆ ಊರಿನ ಎಲ್ಲರ ಅಳತೆಯೂ ಗೊತ್ತು, ಸುದ್ದಿಯೂ ಗೊತ್ತು. ಒಳ್ಳೆಯ ಮನಸ್ಸಿನವಳು. ಗುಟ್ಟು ಮಾತ್ರ ಅವಳಲ್ಲಿ ನಿಲ್ಲುವುದಿಲ್ಲ. ಅಷ್ಟರಲ್ಲಿ ತ್ಯಾಂಪಣ್ಣ ಇಸ್ತ್ರಿಯ ಬಿಳಿ ಪಂಚೆ ಉಟ್ಟು, ಯಜಮಾನರ ಗತ್ತಿನಲ್ಲಿ ಬಂದು ಜಗಲಿ ಹತ್ತಿದರು. ಸುಹರಾ ಅವರಿಗೆ ಕುರ್ಚಿ ಸರಿಸುತ್ತ ಪ್ರೀತಿಯಿಂದಲೇ ಹೇಳಿದಳು:

“ಇನ್ನು ನಿಮಗೆ ರೆಸ್ಟ್ ಅಲ್ವಾ ಯಜಮಾನ್ರೆ. ಗೋಲಿಗೆ ಸೊಸೆ ಬರ್ತಾಳಂತೆ.”

ತ್ಯಾಂಪಣ್ಣ ಕುರ್ಚಿಯಲ್ಲಿ ಕೂರಲಿಲ್ಲ. ಧರ್ಮಪಾಲನನ್ನು ನೋಡಿದರು. ಧರ್ಮಪಾಲ ಗಡಿಯಾರ ನೋಡಿದ. ಪಂಪಿನಿಂದ ಗಾಳಿ ಹೋಗುವ ಹಾಗೆ ಒಂದು ಸದ್ದು ಅವರ ಮೂಗಿನಿಂದ ಬಂತು. ಎಂಟು ವರ್ಷ ಈ ಮನೆಯ ಮಾನ ಕಾದವನಿಗೆ ಇದು ಮರ್ಯಾದೆಯೋ ಎಂದು ಕೇಳಿದರು. ತನ್ನನ್ನು ತೆಗೆಯುವ ಮದುವೆಗೆ ತಾನೇ ವೀಳ್ಯ ಕೊಡಬೇಕೋ ಎಂದೂ ಕೇಳಿದರು. ಆಮೇಲೆ ಒಳಗಿನ ಕೋಣೆಗೆ ಹೋಗಿ, ಇಸ್ತ್ರಿಯ ಪಂಚೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಪೂವಮ್ಮ ಹೋಗಿ ಕರೆದಳು. ಶೈಲೇಶ ಕರೆದ. ಧರ್ಮಪಾಲ ಬಾಗಿಲಲ್ಲಿ ನಿಂತು ದೊಡ್ಡಪ್ಪ, ದೊಡ್ಡಪ್ಪ ಎಂದ. ಗೋಡೆ ಮಾತಾಡಿದರೂ ಅವರು ಮಾತಾಡುವಂತಿರಲಿಲ್ಲ. ಹಿರಿಯರಿಲ್ಲದೆ ಮಾತುಕತೆ ಹೇಗೆಂದು ಪೂವಮ್ಮ ಹಣೆ ಒತ್ತಿಕೊಂಡಳು. ಆಗ ಹೊರಗೆ ಕಾರಿನ ಹಾರನ್ ಕೇಳಿತು. ಇನ್ನು ಬೇರೆ ದಾರಿ ಇಲ್ಲ, ಮನೆಯ ಪರವಾಗಿ ಮಾತಾಡುವವರು ನೀವೇ ಎಂದು ಅವಳು ಗಂಡನ ಹೆಗಲಿಗೆ ಶಾಲು ಹಾಕಿದಳು.

ಬಂದವರು ಮೂವರು. ನವ್ಯಾ, ಅವಳ ತಂದೆ, ತಾಯಿ. ಸಂಜೆ ಡ್ಯೂಟಿಗೆ ಮಗಳನ್ನು ಪುತ್ತೂರಿನಲ್ಲಿ ಇಳಿಸಿ ಹೋಗಲಿಕ್ಕುಂಟೆಂದು ಅವಳನ್ನೂ ಕರೆತಂದಿದ್ದರು. ತಂದೆಯ ಬಾಯಿ ತುಂಬ ಎಲೆಯಡಿಕೆ, ಹಾಗಾಗಿ ಅವರಿಂದ ಯಾರಿಗೂ ತೊಂದರೆ ಇರಲಿಲ್ಲ. ತಾಯಿ ಹರಿಣಾಕ್ಷಿ ಸಪೂರದ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ಧರ್ಮಪಾಲನ ಕಣ್ಣು ಮಾತ್ರ ನವ್ಯಾಳ ಮೇಲೆ. ಐದಡಿ ಎಂಟಂಗುಲ ಇರಬಹುದು. ಬಾಗಿಲಲ್ಲಿ ಬಗ್ಗಿ ಬಂದಳು. ಬಾಗಿಲಿಗೆ ಅಷ್ಟು ಚೆನ್ನಾಗಿ ಅಡ್ಡವಾಗುವ ಹುಡುಗಿಯನ್ನು ಅವನು ನೋಡಿರಲಿಲ್ಲ.

ಕೆಸರೆಂದು ಕಾರನ್ನು ಮೇಲಿನ ತಿರುವಿನಲ್ಲೇ ನಿಲ್ಲಿಸಿದ್ದರು. ಕೂತು ಐದು ನಿಮಿಷ ಆಗುವಷ್ಟರಲ್ಲಿ ಹರಿಣಾಕ್ಷಿ, ತನ್ನ ಕನ್ನಡಕ ಕಾರಿನಲ್ಲಿ ಬಾಕಿ ಆಯಿತೆಂದೂ ಒಮ್ಮೆ ತಂದುಕೊಡಬಹುದೋ ಎಂದೂ ಶೈಲೇಶನನ್ನು ಕೇಳಿದಳು. ಮಳೆ ಹನಿಯುತ್ತಿತ್ತು. ಶೈಲೇಶ ಪಂಚೆ ಎತ್ತಿ ಕಟ್ಟಿ ಒಂದೇ ಓಟಕ್ಕೆ ಹೋಗಿ ಬಂದ. ಹರಿಣಾಕ್ಷಿ ಜಗಲಿಯಲ್ಲಿ ನಿಂತು ನೋಡಿದಳು, ಕೈಗಡಿಯಾರವನ್ನೂ ನೋಡಿದಳು. ಕನ್ನಡಕ ಬಂದ ಮೇಲೆ ಅದನ್ನು ಚೀಲಕ್ಕೆ ಹಾಕಿ, ಅಯ್ಯೋ ಕೊಡೆಯೂ ಬಾಕಿ ಆಯಿತಲ್ಲ ಎಂದಳು. ಶೈಲೇಶ ಇನ್ನೊಮ್ಮೆ ಓಡಿದ.

“ಏದುಸಿರೇ ಇಲ್ಲ,” ಎಂದಳು ಗಂಡನಿಗೆ. ಗಂಡ ತಲೆ ಆಡಿಸಿದ.

ಆಮೇಲೆ ಹುಡುಗನ ಬಗ್ಗೆ ವಿಚಾರಿಸಿದಳು. ಬೆಳಗ್ಗೆ ಎಷ್ಟು ಗಂಟೆಗೆ ಏಳುವುದು, ಗಂಟು ನೋವು ಎಂತದ್ದಾದರೂ ಉಂಟೋ, ಕಣ್ಣಿನ ದೃಷ್ಟಿ ಹೇಗೆ, ಕೋಪ ಬೇಗ ಬರುತ್ತದೋ. ಒಬ್ಬಳೇ ಮಗಳ ತಾಯಿ, ಜಾಗ್ರತೆಯ ಹೆಂಗಸು ಎಂದುಕೊಂಡ ಧರ್ಮಪಾಲ, ಹುಡುಗನಿಗೆ ಇದುವರೆಗೆ ಒಂದು ಉಳುಕು ಸಹ ಆಗಿಲ್ಲ, ಕಣ್ಣು ಗಿಡುಗನದ್ದು ಎಂದು ಹೇಳಿದ.

ಎಲ್ಲ ಸರಿಯಾಗಿ ನಡೆಯುತ್ತಿತ್ತು. ಆಗ ಸುಹರಾ ಮತ್ತೆ ಬಂದಳು. ಕೈಯಲ್ಲಿ ಒಂದು ಹಾಕಿ ಸ್ಟಿಕ್. ಅಂಗಡಿಯ ಶಟರ್ ಎಳೆಯಲು ಹೋದ ತಿಂಗಳು ತೆಗೆದುಕೊಂಡು ಹೋಗಿದ್ದಳು. ಇವತ್ತು ನೆಂಟರ ಎದುರು ಮನೆಯ ಸಾಮಾನು ಮನೆಯಲ್ಲಿರಲಿ ಎಂದು ನೆನಪು ಮಾಡಿ ತಂದಿದ್ದಳು.

“ಧರ್ಮಣ್ಣ, ನಿಮ್ಮ ಸ್ಟಿಕ್.”

ಅಡುಗೆಮನೆಯ ಬಾಗಿಲಲ್ಲಿ ಪೂವಮ್ಮ ಸೌಟು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಈಶ್ವರಮಂಗಲದ ಬಸ್ಸು ಹೊರಟು ನಿಂತದ್ದು ಕಾಣುತ್ತಿತ್ತು.

“ಅದು ಔಷಧಿ ಕಲಕುವ ಕೋಲು,” ಎಂದ ಧರ್ಮಪಾಲ. “ಡ್ರಮ್ಮಿನಲ್ಲಿ ಮೈಲುತುತ್ತು ಕಲಕ್ಲಿಕ್ಕೆ. ತುದಿ ಬಗ್ಗಿದ್ರೆ ಅಡಿ ಹಿಡಿಯುದಿಲ್ಲ.”

ಸುಹರಾ ಏನೋ ಹೇಳಲು ಬಾಯಿ ತೆರೆದಳು. ಅವನ ಮುಖ ನೋಡಿ ಮುಚ್ಚಿದಳು. ಹರಿಣಾಕ್ಷಿ ಎದ್ದು ಬಂದು ಅದನ್ನು ಕೈಗೆ ತೆಗೆದುಕೊಂಡಳು. ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿದು ಭಾರ ನೋಡಿದಳು. ನೆಲಕ್ಕೆ ಒಮ್ಮೆ ಮೆತ್ತಗೆ ತಾಗಿಸಿದಳು.

“ಒಳ್ಳೆ ಕೋಲು,” ಎಂದಳು. “ಕಲಕ್ಲಿಕ್ಕೆ.”

ಧರ್ಮಪಾಲ ಬೆವರು ಒರೆಸಿಕೊಂಡ. ಗಂಡಾಂತರ ಕಳೆಯಿತು ಎಂದುಕೊಂಡ. ಆದರೆ ಮನಸ್ಸಿನಲ್ಲಿ ಹೊಸದೊಂದು ಹುಳ ಹೊಕ್ಕಿತು. ಬಯೋಡೇಟಾದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಮೋಕ್ಷಿತನ ಬಯೋಡೇಟಾದಲ್ಲಿ ಈಜು ಎಂದು ಉಂಟು, ಅವನು ತೋಡು ದಾಟಲಿಕ್ಕೂ ಹೆದರುತ್ತಾನೆ. ಹುಡುಗಿಯ ಕೈ ನಿಜವಾಗಿ ಹೇಗೆ ಎಂದು ನೋಡದೆ ಮಾತು ಕೊಡುವುದು ಹೇಗೆ? ಕೇಳುವಂತಿಲ್ಲ. ಕೇಳಿದರೆ ಆ ಶಬ್ದ ಬರುತ್ತದೆ.

ಪಾನಕಕ್ಕೆಂದು ತಂದ ಲಿಂಬೆ ಹಣ್ಣುಗಳು ಮೇಜಿನ ಮೇಲಿದ್ದವು. ಮೊಣಕೈ ತಾಗಿದವನಂತೆ ಒಂದನ್ನು ನವ್ಯಾಳ ಕಡೆಗೆ ಉರುಳಿಸಿದ. ಲಿಂಬೆ ಮೇಜಿನಿಂದ ಬಿದ್ದು ನೆಲಕ್ಕೆ ಪುಟಿಯಿತು. ಪೂವಮ್ಮನೊಡನೆ ಮಾತಾಡುತ್ತಿದ್ದ ನವ್ಯಾ ಮುಖ ತಿರುಗಿಸದೆಯೇ ಪಾದದ ಒಳಬದಿಯಿಂದ ಅದನ್ನು ನಿಲ್ಲಿಸಿದಳು. ಆಮೇಲೆ ಬಗ್ಗಿ ಎತ್ತಿ ಮೇಜಿನ ಮೇಲಿಟ್ಟಳು.

ಧರ್ಮಪಾಲ ಎದ್ದು ನೀರು ಕುಡಿಯುವ ನೆವದಲ್ಲಿ ಅವಳ ಹಿಂದೆ ಹೋದ. ಅಲ್ಲಿ ಕಪಾಟಿನ ಮೇಲೆ ಹಪ್ಪಳದ ಡಬ್ಬಿ ಇತ್ತು. ಈ ಕಡೆ ಹರಿಣಾಕ್ಷಿ, ನಮ್ಮದು ಒಂದು ನಾಲ್ಕು ಮಾತು ಉಂಟು, ನೀವು ಒಪ್ಪುವುದಾದರೆ ಮುಂದೆ ಹೋಗುವ ಎಂದು ಸುರು ಮಾಡಿದ್ದಳು.

ಮೊದಲನೆಯ ಮಾತು, ಮದುವೆಯಾದ ಮೇಲೂ ಹುಡುಗಿ ಕೆಲಸಕ್ಕೆ ಹೋಗುವಳು.

“ಆಗಬಹುದು,” ಎಂದ ಧರ್ಮಪಾಲ, ಡಬ್ಬಿಯನ್ನು ಅಂಚಿಗೆ ಸರಿಸುತ್ತ.

ಎರಡನೆಯದು, ಮದುವೆ ಕಡಬದ ಕಲ್ಯಾಣ ಮಂಟಪದಲ್ಲಿ, ಹುಡುಗಿಯ ಕಡೆಯಲ್ಲಿ.

“ಆಗಬಹುದು.”

ಮೂರನೆಯದು, ಈಚೆ ಆಚೆ ಬಂಗಾರದ ಮಾತು ಬೇಡ.

“ಅದು ಬೇಡವೇ ಬೇಡ,” ಎಂದು ಡಬ್ಬಿಗೆ ಒಂದು ಬೆರಳು ತಾಗಿಸಿದ. ಡಬ್ಬಿ ಬಿತ್ತು. ನವ್ಯಾಳ ಎಡಗೈ ಹಿಂದಕ್ಕೆ ಬಂತು. ಡಬ್ಬಿ ಆ ಕೈಯಲ್ಲಿ ಕೂತಿತು, ಒಂದು ಹಪ್ಪಳ ಸಹ ಮುರಿಯಲಿಲ್ಲ.

ಎಡಗೈ. ನೋಡದೆ. ಹಿಂದಿನಿಂದ ಬಂದದ್ದನ್ನು. ಧರ್ಮಪಾಲನಿಗೆ ಕಣ್ಣು ಮಂಜಾಯಿತು. ಎಂಟು ವರ್ಷದಲ್ಲಿ ತ್ಯಾಂಪಣ್ಣನ ಎಡಬದಿಯಿಂದ ಒಳಗೆ ಹೋದ ಚೆಂಡುಗಳೆಲ್ಲ ಒಂದೊಂದಾಗಿ ಹೊರಗೆ ಬಂದು ಸಾಲಾಗಿ ನಿಂತಂತೆ ಕಂಡಿತು. ಡಿಸೆಂಬರ್ ಕಂಡಿತು. ಮೈದಾನ ಕಂಡಿತು. ಹಿಂದೆ ನವ್ಯಾ, ಮುಂದೆ ಶೈಲೇಶ. ಮಧ್ಯದಲ್ಲಿ ಬೋಜನೂ ಉದಯನೂ ಬೇಕಾದರೆ ಹೊಡೆದಾಡಿಕೊಳ್ಳಲಿ. ಗೋಲು ಬೀಳದಿದ್ದರೆ ಒಂದು ಗೋಲು ಸಾಕಲ್ಲವೇ ಗೆಲ್ಲಲಿಕ್ಕೆ?

ಹರಿಣಾಕ್ಷಿಯ ನಾಲ್ಕನೆಯ ಮಾತು ಸ್ವಲ್ಪ ಉದ್ದ ಇತ್ತು. ಒಬ್ಬಳೇ ಮಗಳು ಎಂಬುದು ಕೇಳಿಸಿತು. ಮನೆ ದೊಡ್ಡದು, ಪಿಕಪ್ ನಿಲ್ಲಿಸಲು ಜಾಗ ಉಂಟು ಎಂಬುದೂ ಎಲ್ಲೋ ಕೇಳಿಸಿತು. ಪೂವಮ್ಮ ಕೆಮ್ಮಿದಳು. ಇನ್ನೂ ಜೋರಾಗಿ ಕೆಮ್ಮಿದಳು. ಕಣ್ಣು ದೊಡ್ಡದು ಮಾಡಿ ತಲೆ ಅತ್ತ ಇತ್ತ ಆಡಿಸಿದಳು. ಹಾಕಿ ಎಂದು ಹೇಳಬೇಡಿ ಎಂದು ಅವಳು ನೆನಪಿಸುತ್ತಿರುವುದೆಂದು ಅವನಿಗೆ ಅರ್ಥವಾಯಿತು. ಹೇಳುವುದಿಲ್ಲ ಎಂಬಂತೆ ಅವಳಿಗೊಂದು ಕೈ ಸನ್ನೆ ಮಾಡಿ, ಹರಿಣಾಕ್ಷಿಯ ಕಡೆ ತಿರುಗಿದ.

“ಆಗಬಹುದು. ಸಂತೋಷದಲ್ಲಿ ಆಗಬಹುದು.”

ಹರಿಣಾಕ್ಷಿಗೇ ನಂಬಿಕೆ ಬರಲಿಲ್ಲ. “ಆಲೋಚನೆ ಮಾಡಿ ಹೇಳಿದ್ರೆ ಸಾಕು ಧರ್ಮಪಾಲಣ್ಣ. ಆಟಿ ಕಳೀಲಿ. ಅವಸರ ಎಂತ ಇಲ್ಲ.”

ಆಟಿ ಎಂಬ ಶಬ್ದ ಅವನ ಬೆನ್ನಿಗೆ ಸೂಜಿ ಚುಚ್ಚಿದ ಹಾಗಾಯಿತು. ಒಳ್ಳೆಯ ಕೆಲಸಕ್ಕೆ ತಡ ಯಾಕೆ, ಈಗಲೇ ವೀಳ್ಯ ಬದಲಿಸುವ ಎಂದು ತಾನೇ ಎದ್ದು ದೀಪ ಹಚ್ಚಿದ. ದೀಪದ ಎದುರು ಎರಡೂ ಮನೆಯ ಹಿರಿಯರು ವೀಳ್ಯದೆಲೆ ಅಡಿಕೆ ಬದಲಿಸಿಕೊಂಡರೆ ಆಯಿತು, ಮತ್ತೆ ಆ ಮಾತು ಹಿಂದೆ ಹೋಗುವಂತಿಲ್ಲ. ಪೂವಮ್ಮ ಒಳಗೆ ಬನ್ನಿ ಎಂದು ಕರೆದಳು, ಅವನು ಹೋಗಲಿಲ್ಲ. ಶೈಲೇಶ ಚಿಕ್ಕಪ್ಪನನ್ನು ಮೊದಲು ಆಶ್ಚರ್ಯದಿಂದ, ಆಮೇಲೆ ಬಹಳ ಪ್ರೀತಿಯಿಂದ ನೋಡಿದ. ಒಳಗೆ ಗೋಡೆಗೆ ಮುಖ ಮಾಡಿದ್ದ ತ್ಯಾಂಪಣ್ಣನನ್ನು ಬಿಟ್ಟು ಉಳಿದವರೆಲ್ಲರ ಎದುರು, ಧರ್ಮಪಾಲ ಎರಡೂ ಕೈಯಲ್ಲಿ ವೀಳ್ಯದ ಹರಿವಾಣ ಹಿಡಿದು ಹುಡುಗಿಯ ತಂದೆಗೆ ಕೊಟ್ಟ, ಅವರದ್ದನ್ನು ತೆಗೆದುಕೊಂಡ. ಮಾತು ಗಟ್ಟಿಯಾಯಿತು.

ಊಟ ಚೆನ್ನಾಗಿ ನಡೆಯಿತು. ಒತ್ತು ಶ್ಯಾವಿಗೆ, ಕೋಳಿ ಸಾರು. ಧರ್ಮಪಾಲ ಎರಡು ದಿನದ ಊಟವನ್ನು ಒಟ್ಟಿಗೆ ಉಂಡ. ಪೂವಮ್ಮ ಬಡಿಸುವಾಗ ಅವನ ಎಲೆಯ ಮೇಲೆ ಸೌಟನ್ನು ಸ್ವಲ್ಪ ಜೋರಾಗಿಯೇ ಕುಟ್ಟಿದಳು. ಕೆಲಸ ಹೆಚ್ಚಾಗಿ ಸುಸ್ತಾಗಿರಬೇಕೆಂದುಕೊಂಡ.

ಹೊರಡುವಾಗ ಅವನು ಕೊಡೆ ಹಿಡಿದು ಕಾರಿನವರೆಗೆ ಬಂದ. ಇನ್ನು ನಮ್ಮವಳೇ ಅಲ್ಲವೇ ಎಂಬ ಧೈರ್ಯದಲ್ಲಿ ನವ್ಯಾಳನ್ನು ಮೆಲ್ಲಗೆ ಕೇಳಿದ:

“ಕೀಪಿಂಗ್ ಈಗಲೂ ಪ್ರಾಕ್ಟೀಸ್ ಉಂಟಾ ಮಗಳೇ?”

ಉತ್ತರ ಕೊಟ್ಟದ್ದು ಹರಿಣಾಕ್ಷಿ.

“ಉಂಟು. ಈ ವರ್ಷ ನಾವೂ ತಂಡ ಕಟ್ತೇವೆ. ನಾನು ಮಡಿಕೇರಿಯಲ್ಲಿ ಶಾಲೆಗೆ ಹೋಗುವಾಗ ಆಡಿದವಳು ಧರ್ಮಪಾಲಣ್ಣ, ಬಿಟ್ಟಿರ್ಲಿಕ್ಕೆ ಆಗುದಿಲ್ಲ. ಹೋದ ಡಿಸೆಂಬರಲ್ಲಿ ಬಂದು ನಿಮ್ಮ ಮ್ಯಾಚ್ ಪೂರ್ತಿ ನೋಡಿದ್ದೇನೆ. ನಮ್ಮಲ್ಲಿ ಇವಳೂ ಸೇರಿ ಹತ್ತು ಜನ ಸರಿಯಾಗಿದ್ದಾರೆ. ಗೋಲಿಗೆ ಇವಳುಂಟು. ಮುಂದೆ ಹೊಡೆಯುವವರು ಒಬ್ಬರು ಇರ್ಲಿಲ್ಲ. ಒಬ್ಬನೇ ನಾಲ್ಕು ಗೋಲು ಹೊಡೆದದ್ದು ನೋಡಿ ಅವತ್ತೇ ನಾನು ಇವರತ್ರ ಹೇಳಿದೆ, ಈ ಹುಡುಗನ ಮನೆ ಎಲ್ಲಿ ವಿಚಾರಿಸಿ ಅಂತ.”

ಎಲೆಯಡಿಕೆಯ ಗಂಡ ಹೌದೆಂದು ತಲೆ ಆಡಿಸಿದ.

ಧರ್ಮಪಾಲ ನಕ್ಕ. ಪಾಪ, ಹೆಂಗಸಿಗೆ ನಿಯಮ ಗೊತ್ತಿಲ್ಲ. ಮದುವೆಯಾದ ಮೇಲೆ ಹುಡುಗಿ ನೆಲ್ಲಿಗುಂಡಿಯಲ್ಲಿ ಸಂಸಾರ ಮಾಡುವವಳು, ಹಾಗಾಗಿ ನೆಲ್ಲಿಗುಂಡಿಗೇ ಆಡಬೇಕಾಗುತ್ತದೆ ಎಂದು ಮೃದುವಾಗಿ ತಿಳಿಸಿದ. ಹುಡುಗ ಹೇಗೂ ಇಲ್ಲಿಯವನು, ಅವನು ಆಡುವುದೂ ಇಲ್ಲಿಗೇ ಎಂದೂ ಹೇಳಿದ.

“ಅದೇ ನಿಯಮ ನೋಡಿಯೇ ನಾಲ್ಕನೇ ಮಾತು ಇಟ್ಟದ್ದು,” ಎಂದಳು ಹರಿಣಾಕ್ಷಿ. “ಒಬ್ಬಳೇ ಮಗಳು, ಅಳಿಯ ನಮ್ಮಲ್ಲೇ ಬಂದು ಇರ್ಬೇಕು ಅಂತ ಕೇಳಿದೆ. ನೀವು ಸಂತೋಷದಲ್ಲಿ ಆಗಬಹುದು ಅಂದ್ರಿ. ಸತ್ಯ ಹೇಳ್ತೇನೆ, ನೀವು ಇಷ್ಟು ದೊಡ್ಡ ಮನಸ್ಸು ಮಾಡ್ತೀರಿ ಅಂತ ನಾನು ಎಣಿಸಿರ್ಲಿಲ್ಲ.”

ಅವಳು ಕೈ ಮುಗಿದಳು. ಕಾರು ಹೋಯಿತು. ಧರ್ಮಪಾಲ ಕೊಡೆಯನ್ನು ತಲೆಯ ಮೇಲೆ ಹಿಡಿಯುವುದನ್ನು ಮರೆತು ಸ್ವಲ್ಪ ಹೊತ್ತು ಹಾಗೆಯೇ ನೆನೆಯುತ್ತ ನಿಂತ.

ಮನೆಗೆ ಬಂದಾಗ ಶೈಲೇಶ ಜಗಲಿಯಲ್ಲಿದ್ದ. ಅವನ ಮುಖ ನೋಡಿದರೆ ಬೈಯುವ ಮನಸ್ಸು ಯಾರಿಗೂ ಬರುವಂತಿರಲಿಲ್ಲ.

“ನಿನಗಾದ್ರೂ ಹೇಳ್ಬಾರ್ದಿತ್ತಾ?” ಎಂದ ಧರ್ಮಪಾಲ.

“ನೀವೇ ಒಪ್ಪಿದ್ರಲ್ಲ ಚಿಕ್ಕಪ್ಪ. ನನಗೆ ಅವಳು ಇಷ್ಟ ಆಗಿದ್ಲು.” ಶೈಲೇಶ ತಲೆ ತಗ್ಗಿಸಿದ. ಸ್ವಲ್ಪ ತಡೆದು, ಹೇಳಬೇಕೋ ಬೇಡವೋ ಎಂಬಂತೆ ಸೇರಿಸಿದ: “ಮತ್ತೆ ಅಲ್ಲಿ ಪಾಸ್ ಕೊಡುವವರು ಇದ್ದಾರಂತೆ.”

ಎಂಟು ವರ್ಷ ಎದುರಿನಲ್ಲಿ ಒಬ್ಬನೇ ನಿಂತು, ಬಾರದ ಬಸ್ಸಿಗೆ ಕಾಯುವವನಂತೆ ಪಾಸಿಗೆ ಕಾದ ಹುಡುಗ. ಹೋಗುವುದು ನ್ಯಾಯವೇ. ಧರ್ಮಪಾಲ ಕುರ್ಚಿಯಲ್ಲಿ ಕೂತು ಕ್ಯಾಲೆಂಡರಿನ ಹಾಳೆ ತೆಗೆದು ಶೈಲೇಶನ ಹೆಸರಿಗೆ ಗೀಟು ಹಾಕಿದ. ಸುಹರಾ ಕುರ್ಚಿ ಒಯ್ಯಲು ಬಂದವಳು ಪೂವಮ್ಮನಿಂದ ವಿಷಯ ಕೇಳಿ, ನಾಲ್ಕು ಕುರ್ಚಿಯಲ್ಲಿ ಮೂರನ್ನು ಮಾತ್ರ ತೆಗೆದುಕೊಂಡು ಹೋದಳು. ಅವನು ಕೂತದ್ದನ್ನು ಕೇಳುವ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ತೆರೆಯಿತು. ಗೋಡೆಗೆ ಮುಖ ಮಾಡಿದ್ದರೂ ತ್ಯಾಂಪಣ್ಣನ ಕಿವಿ ಚಾವಡಿಯ ಕಡೆಗೇ ಇತ್ತು. ಸೊಸೆ ಬರುವುದಿಲ್ಲ ಎಂಬುದೂ ಗೊತ್ತಾಗಿತ್ತು, ಶೈಲೇಶ ಹೋಗುತ್ತಾನೆ ಎಂಬುದೂ ಗೊತ್ತಾಗಿತ್ತು. ಅವರ ಮುಖದಲ್ಲಿ ಕೋಪದ ಗುರುತಿರಲಿಲ್ಲ. ಪಂಚೆಯ ಇಸ್ತ್ರಿ ಮಾತ್ರ ಹಾಳಾಗಿತ್ತು. ಬಂದು ಧರ್ಮಪಾಲನ ಹೆಗಲಿನ ಮೇಲೆ ಬಗ್ಗಿ ಹಾಳೆಯನ್ನು ಓದಿದರು. ಗೀಟು ಹಾಕಿದ ಜಾಗದಲ್ಲಿ ಬೆರಳಿಟ್ಟರು.

“ಇಲ್ಲಿ ನನ್ನ ಹೆಸರು ಬರಿ.”

ಧರ್ಮಪಾಲ ತಲೆ ಎತ್ತಿದ.

“ಒಳಗೆ ಮಲಗಿ ಆಲೋಚನೆ ಮಾಡಿದೆ. ನೀನು ಹೇಳುದು ಸರಿ ಮಾರಾಯ. ಎಂಟು ವರ್ಷ ಒಬ್ಬನೇ ಗೋಲಿನಲ್ಲಿ ನಿಲ್ಲಬಾರ್ದು. ಹೊಸಬರಿಗೆ ಬಿಡ್ಬೇಕು.” ಅವರು ಸೊಂಟಕ್ಕೆ ಕೈಯಿಟ್ಟು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ ನೋಡಿದರು. ಎಲ್ಲಿಯೋ ಒಂದು ಎಲುಬು ಲಟಕ್ಕೆಂದಿತು. “ಮುಂದೆ ನಾನು ಆಡ್ತೇನೆ.”

“ಹಾಗಾದ್ರೆ ಗೋಲಿಗೆ?” ಎಂದ ಧರ್ಮಪಾಲ. ದನಿ ಅವನದ್ದೇ ಹೌದೋ ಎಂದು ಅವನಿಗೇ ಸಂಶಯ ಬಂತು.

ತ್ಯಾಂಪಣ್ಣ ಮೂಲೆಗೆ ಹೋಗಿ ಭತ್ತದ ಚೀಲವನ್ನು ಬಗ್ಗಿಸಿ, ಒಳಗಿನಿಂದ ಪ್ಯಾಡುಗಳನ್ನು ಎಳೆದು ತಂದು ಅವನ ಮಡಿಲಿಗೆ ಹಾಕಿದರು.

“ನಿನ್ನ ಮೊಣಗಂಟಿನ ಚಿಂತೆ ಬೇಡ,” ಎಂದರು. “ಅಲ್ಲಿ ಓಡ್ಲಿಕ್ಕೆ ಇಲ್ಲ. ಸುಮ್ಮನೆ ನಿಂತ್ರೆ ಸಾಕು, ಚೆಂಡು ಅದರಷ್ಟಕ್ಕೆ ಒಳಗೆ ಹೋಗ್ತದೆ.”